ಸಿನಿಮಾ ಎಲ್ಲಿಡುವುದು ಎಂಬ ಚಿಕ್ಕಪ್ಪನ ಚಿಂತೆ

ನಮ್ಮ ಚಿಕ್ಕಪ್ಪ ಈವರೆಗೆ ಸಿನಿಮಾ ನೋಡಿದ ಹೊತ್ತನ್ನು ತಕ್ಕಡಿಯ ಒಂದು ತಟ್ಟೆಯಲ್ಲೂ, ಸಿನಿಮಾವನ್ನು ಎಲ್ಲಿ ಇಟ್ಟುಕೊಳ್ಳುವುದು ಎಂದು ಯೋಚಿಸಿದ ಹೊತ್ತನ್ನು ಇನ್ನೊಂದರಲ್ಲೂ ಹಾಕಿದರೆ, ಎರಡನೆಯದು ನೆಲಕ್ಕೆ ಬಡಿಯುವುದು ಖಂಡಿತ! ಚಿಕ್ಕಮ್ಮನನ್ನು ಅವರು ಒಂದೇ ಸಲ ನೋಡಿ ಒಪ್ಪಿದ್ದರಂತೆ. ಡಿವಿಡಿ ಪ್ಲೇಯರನ್ನು ಒಪ್ಪಲು ಮಾತ್ರ ವರ್ಷ ಹಿಡಿಯಿತು.

ಚಿಕ್ಕಪ್ಪ ಅಮ್ಮತ್ತಿ ಕಡೆಯ ಎಸ್ಟೇಟೊಂದರಲ್ಲಿ ರೈಟರ್ ಆಗಿದ್ದು ನಿವೃತ್ತರಾದವರು. ರೈಟರ್ ಎಂದರೆ ಕಥೆ ಕವನ ಬರೆಯುವವರೆಂದು ಹೊರಗಿನವರು ಕೈಮುಗಿಯುವುದುಂಟು. ಬರೆಯುತ್ತಿದ್ದದ್ದು ಆಳುಗಳ ಹಾಜರಿ, ಕೊಯ್ದ ಕಾಫಿಹಣ್ಣಿನ ತೂಕ. ಆದರೆ ಕೈಮುಗಿದವರನ್ನು ತಿದ್ದುವಷ್ಟು ನಿಷ್ಠುರ ಮನುಷ್ಯ ಅವರಲ್ಲ. ನಾನಿರುವುದು ವಿರಾಜಪೇಟೆಯಲ್ಲಿ; ಭಾನುವಾರ ಬಸ್ಸು ಹತ್ತಿದರೆ ಅವರ ಮನೆಯಲ್ಲೇ ಊಟ. ಹೀಗಾಗಿ ಅವರ ಸಿನಿಮಾ ಸಂಗ್ರಹದ ಎಲ್ಲ ಅವತಾರಗಳಿಗೂ ನಾನು ಸಾಕ್ಷಿ.

ಮೊದಲ ಅವತಾರ ವಿಡಿಯೊ ಕ್ಯಾಸೆಟ್ಟಿನದು. ಕೊಡಗಿನ ಮಳೆಗಾಲದಲ್ಲಿ ಚಪ್ಪಲಿಗೇ ಬೂಷ್ಟು ಹಿಡಿಯುವಾಗ ಕ್ಯಾಸೆಟ್ಟನ್ನು ಬಿಟ್ಟೀತೆ? ಬಿಸಿಲು ಕಂಡ ಕೂಡಲೇ ಚಿಕ್ಕಪ್ಪ ಕಾಫಿ ಒಣಗಿಸುವ ಕಣದಲ್ಲಿ ಕ್ಯಾಸೆಟ್ಟುಗಳನ್ನು ಸಾಲಾಗಿ ಹರಡಿ, ಗಂಟೆಗೊಮ್ಮೆ ಮಗುಚಿ ಹಾಕುತ್ತಿದ್ದರು. ಕಾಳುಮೆಣಸು ಕೊಳ್ಳಲು ಬಂದ ವ್ಯಾಪಾರಿಯೊಬ್ಬ ಒಂದನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ, "ಇದಕ್ಕೆ ಈಗ ಯಾವ ರೇಟುಂಟು?" ಎಂದು ಕೇಳಿದ್ದ.

ಮುಂದೆ ಡಿಸ್ಕುಗಳು ಬಂದವು. ಅವು ಒದ್ದೆಯಾಗಬಾರದೆಂದು ಯಾರಿಗೂ ಹೇಳದೆ ಅಕ್ಕಿ ಡ್ರಮ್ಮಿನೊಳಗೆ ಹೂತಿಟ್ಟರು. ಚಿಕ್ಕಮ್ಮ ಅಕ್ಕಿ ಅಳೆಯುವಾಗ ಸೇರಿನೊಳಗೆ ಯಾರೋ ನಾಯಕಿ ನಗುತ್ತಾ ಎದ್ದು ಬಂದಳು!

"ಇವಳನ್ನು ಬೇಯಿಸೋದಾ, ಬಸಿಯೋದಾ?" ಎಂದು ಚಿಕ್ಕಮ್ಮ ಒಳಗಿನಿಂದಲೇ ಕೂಗಿ ಕೇಳಿದ್ದು, ಚಿಕ್ಕಪ್ಪ ಕೇಳಿಸಲಿಲ್ಲವೆಂಬಂತೆ ಪೇಪರು ಓದಿದ್ದು ನನಗೆ ಚೆನ್ನಾಗಿ ನೆನಪಿದೆ.

ಅವರಿಬ್ಬರಿಗೂ ಸಾಯಂಕಾಲದ ಸಿನಿಮಾ ಎಂದರೆ ಒಂದು ಸಂಸಾರದೊಳಗಿನ ಇನ್ನೊಂದು ಸಂಸಾರ. ಚಿಕ್ಕಮ್ಮನದು ಸಾದಾ ಪ್ರೇಕ್ಷಕರ ಜಾತಿಯಲ್ಲ. ಖಳನಾಯಕ ಬಾಗಿಲ ಹಿಂದೆ ನಿಂತಿದ್ದರೆ, "ಹೋಗ್ಬೇಡ ಮಾರಾಯ್ತಿ!" ಎಂದು ನಾಯಕಿಗೆ ಹೇಳಿಯೇ ಹೇಳುವರು. ಚಿಕ್ಕಪ್ಪ, "ಅವಳಿಗೆ ಕೇಳಿಸೋದಿಲ್ಲ" ಎನ್ನುವರು. "ಕೇಳಿಸದಿದ್ರೆ ಅವಳ ಕರ್ಮ. ಹೇಳೋದು ನನ್ನ ಧರ್ಮ" ಎಂದು ಚಿಕ್ಕಮ್ಮ. ಹೀಗೆ ಮೂರು ಗಂಟೆಯ ಸಿನಿಮಾ ಆ ಮನೆಯಲ್ಲಿ ನಾಲ್ಕು ಗಂಟೆ ಓಡುತ್ತಿತ್ತು.

ಆಮೇಲೆ ಸ್ಮಾರ್ಟ್ ಟಿವಿಯ ಕಾಲ ಬಂತು. ಒಂದಲ್ಲ, ಹತ್ತಾರು ಆ್ಯಪುಗಳು. ಒಂದೊಂದೂ ತನ್ನಲ್ಲೇ ಎಲ್ಲ ಸಿನಿಮಾ ಇದೆಯೆಂದು ಕರೆಯುವುದು. ನಾವೆಲ್ಲ ಒತ್ತಬೇಕಾದ ಕಡೆ ಒತ್ತಿ ನೋಡಲು ಕೂತೆವು. ಚಿಕ್ಕಪ್ಪ ಹಾಗೆ ಕೂರುತ್ತಾರೆಯೇ? ಯಾವುದು ಉತ್ತಮ ಎಂದು ಪರೀಕ್ಷಿಸಲು ಒಂದೇ ಸಿನಿಮಾವನ್ನು ಟಿವಿಯಲ್ಲಿ ಒಂದು ಆ್ಯಪಿನಿಂದ, ಮೊಬೈಲಿನಲ್ಲಿ ಇನ್ನೊಂದರಿಂದ, ಲ್ಯಾಪ್‌ಟಾಪಿನಲ್ಲಿ ಡಿಸ್ಕಿನಿಂದ ಒಟ್ಟಿಗೇ ಹಾಕಿದರು. ಒಂದು ಮುಂದೆ, ಒಂದು ಹಿಂದೆ, ಒಂದು ಚಕ್ರ ತಿರುಗಿಸುತ್ತಾ ನಿಂತಲ್ಲೇ. ಅಡುಗೆಮನೆಯಿಂದ ಬಂದ ಚಿಕ್ಕಮ್ಮ ಹೊಡೆದಾಟದ ದೃಶ್ಯ ನೋಡಿ, "ಪಾಪ, ಒಂದೇ ತಪ್ಪಿಗೆ ಎಷ್ಟು ಸಲ ಹೊಡೀತಾರೆ ಅವನಿಗೆ?" ಎಂದರು.

ಪರೀಕ್ಷೆಯಲ್ಲಿ ಗೆದ್ದ ಆ್ಯಪಿನಲ್ಲಿ ಚಿಕ್ಕಪ್ಪ ಒಂದು ಹಳೆಯ ಸಿನಿಮಾ ನೋಡತೊಡಗಿ, ಅರ್ಧಕ್ಕೆ ನಿಲ್ಲಿಸಿ, ಮರುವಾರ ನೋಡಿದರೆ ಸಿನಿಮಾವೇ ಇಲ್ಲ! ಅದರ ಗಡುವು ಮುಗಿದಿತ್ತಂತೆ. ಇನ್ನೊಂದರಲ್ಲಿ 'ಖರೀದಿಸಿ' ಎಂಬ ಗುಂಡಿಯಿತ್ತು. ಒತ್ತುವ ಮೊದಲು ಗ್ರಾಹಕ ಸೇವೆಗೆ ಫೋನ್ ಮಾಡಿದರು. ಸ್ಪೀಕರಿನಲ್ಲಿ ಹಾಕಿದ್ದರಿಂದ ನಾನೂ ಕೇಳಿದೆ.

"ಇದನ್ನು ತಗೊಂಡ್ರೆ ಸಿನಿಮಾ ನಂದಾಗ್ತದಾ ಅಮ್ಮಾ?"

"ಯಾವಾಗ ಬೇಕಾದ್ರೂ ನೋಡಬಹುದು ಸರ್."

"ನೋಡೋದಲ್ಲ. ನಂದಾ?"

"ನಮ್ಮ ಲೈಬ್ರರಿಯಲ್ಲಿ ಇರೋವರೆಗೂ ನಿಮ್ಮದೇ ಸರ್."

"ನಾನು ಸಂತೆಯಲ್ಲಿ ಒಂದು ಕೋಳಿ ತಗೊಂಡೆ ಅಂತ ಇಟ್ಕೊಳ್ಳಿ. ಅಂಗಡಿ ಮುಚ್ಚಿದ ದಿನ ಅವ ಮನೆಗೆ ಬಂದು ಕೋಳಿ ಎತ್ಕೊಂಡು ಹೋಗ್ತಾನಾ?"

ಆ ಕಡೆ ಕೀಲಿಮಣೆ ಒತ್ತುವ ಸದ್ದು ಸ್ವಲ್ಪ ಹೊತ್ತು ಕೇಳಿಸಿತು. "ಕ್ಷಮಿಸಿ ಸರ್, ಕೋಳಿ ನಮ್ಮ ಆ್ಯಪಲ್ಲಿ ಲಭ್ಯ ಇಲ್ಲ."

ಬಸ್ಸಿನಲ್ಲಿ ವಾಪಸು ಬರುವಾಗಲೂ ನಾನು ನಗುತ್ತಿದ್ದೆ. ಪಕ್ಕದಲ್ಲಿ ಕೂತವರು ಸರಿದು ಕೂತರು. ನಗು ನಿಂತ ಮೇಲೆ ಯೋಚನೆ ಶುರುವಾಯಿತು. ಸಾವಿರಾರು ಸಿನಿಮಾ ನನ್ನ ಮೊಬೈಲಿನಲ್ಲೇ ಇವೆ ಎಂದುಕೊಂಡಿದ್ದೆನಲ್ಲ, ಅದರಲ್ಲಿ ನನ್ನದೆನ್ನುವುದು ಯಾವುದು? ಮೊದಲು ಸಿನಿಮಾ ಮನೆಗೆ ಬಂದರೆ ನೆಂಟರ ಹಾಗೆ ಬಂದು ಉಳಿಯುತ್ತಿತ್ತು. ಗೀರು ಬಿದ್ದು, ಬಣ್ಣ ಮಾಸಿ, ನಮ್ಮವರಂತೆಯೇ ಆಗುತ್ತಿತ್ತು. ಈಗಿನದು ಹೊಸ್ತಿಲಲ್ಲೇ ನಿಂತು ಮಾತಾಡಿ ಹೋಗುವ ಪರಿಚಯ. ಹಾಗಂತ ಹಳೆಯದಕ್ಕೆ ಮರಳಲು ನನಗೆ ಮನಸ್ಸಿತ್ತೇ? ಇರಲಿಲ್ಲ. ಅಕ್ಕಿ ಡ್ರಮ್ಮು ಯಾರಿಗೆ ಬೇಕು! "ಚಿಕ್ಕಪ್ಪಾ, ಯಾವುದಾದ್ರೂ ಒಂದು ಹಿಡ್ಕೊಂಡು ಸುಮ್ಮನೆ ನೋಡಿ" ಎಂದೇ ನಾನು ಅವರಿಗೆ ಹೇಳುತ್ತಿದ್ದದ್ದು.

ಅಷ್ಟರಲ್ಲಿ ಚಿಕ್ಕಮ್ಮನ ಕಿವಿ ಮಂದವಾಗುತ್ತಾ ಬಂತು.

ನಮಗ್ಯಾರಿಗೂ ಮೊದಲು ಗೊತ್ತಾಗಲಿಲ್ಲ. ಯಾರು ಏನು ಹೇಳಿದರೂ "ಹೌದಾ" ಎಂದು ನಗುತ್ತಿದ್ದರು. ಪಕ್ಕದ ಮನೆಯವರು ತಮ್ಮ ಹಸು ಸತ್ತ ಸುದ್ದಿ ಹೇಳಿದಾಗಲೂ ಹಾಗೇ ನಕ್ಕರು. ಆ ದಿನ ಚಿಕ್ಕಮ್ಮನಿಗೆ ಆದ ಅವಮಾನ ನೋಡಲಾಗಲಿಲ್ಲ. ಮೈಸೂರಿನಲ್ಲಿ ಡಾಕ್ಟರಿಗೆ ತೋರಿಸಿ ಕಿವಿಗೆ ಮಿಷಿನ್ ಹಾಕಿಸಿದ್ದಾಯಿತು. "ಮಾತು ಕೇಳ್ತದೆ, ಆದ್ರೆ ಪಾತ್ರೆ ತೊಳೆಯೋ ಜಾಗದಲ್ಲಿ ಕೂತ ಹಾಗಾಗ್ತದೆ" ಎಂದು ಅದನ್ನು ಬಿಚ್ಚಿ ಕಪಾಟಿನಲ್ಲಿಟ್ಟರು. ಎದುರು ಕೂತವರ ತುಟಿ ನೋಡಿ ಮಾತು ತಿಳಿದುಕೊಳ್ಳುವುದು ಕಲಿತರು. ಆದರೆ ಸಿನಿಮಾದವರು ಎದುರು ಕೂರುತ್ತಾರೆಯೇ? ಒಮ್ಮೆ ಬೆನ್ನು ತಿರುಗಿಸುತ್ತಾರೆ, ಒಮ್ಮೆ ಕತ್ತಲಲ್ಲಿ ಮಾತಾಡುತ್ತಾರೆ.

ಟಿವಿ ಹಾಕುವ ಹೊತ್ತಿಗೆ ಚಿಕ್ಕಮ್ಮ ಮೊರದಲ್ಲಿ ಮೆಣಸು ಹಾಕಿಕೊಂಡು ಹಿಂದಿನ ಜಗಲಿಗೆ ಹೋಗತೊಡಗಿದರು. "ನೀವು ನೋಡಿ, ನನಗೆ ಕೆಲಸ ಉಂಟು." ಆರಿಸಿಟ್ಟ ಮೆಣಸನ್ನೇ ಮತ್ತೆ ಆರಿಸುವುದು ಎಂಥ ಕೆಲಸ? ಚಿಕ್ಕಪ್ಪ ಸ್ವಲ್ಪ ಹೊತ್ತು ನೋಡಿದಂತೆ ಮಾಡಿ ಟಿವಿ ಆರಿಸುತ್ತಿದ್ದರು.

ಆಗ ಮತ್ತೆ ಫೋನು ಶುರುವಾಯಿತು. ಈ ಸಲ ಕೋಳಿಯ ಮಾತಿರಲಿಲ್ಲ. ಕನ್ನಡ ಸಿನಿಮಾದ ಮಾತು ಕೆಳಗೆ ಕನ್ನಡದಲ್ಲೇ ಬರೆದು ಬರುತ್ತದೆಯೇ ಎಂದು ಒಂದೊಂದು ಆ್ಯಪಿನವರನ್ನೂ ಕೇಳಿದರು. ಹಿಂದಿ ಸಿನಿಮಾಕ್ಕೆ ಕನ್ನಡ ಬರಹ ಒಂದೆರಡು ಕಡೆ ಇತ್ತು. ಅವರು ಕೇಳಿದ ಹಳೆಯ ಕನ್ನಡ ಸಿನಿಮಾಗಳಿಗೆ ಇಂಗ್ಲಿಷ್ ಮಾತ್ರ. "ಕನ್ನಡ ಬರೋರಿಗೆ ಕನ್ನಡ ಸಬ್‌ಟೈಟಲ್ ಯಾಕೆ ಸರ್?" ಎಂದು ಒಬ್ಬ ಹುಡುಗ ನಿಜವಾಗಿಯೂ ಅರ್ಥವಾಗದೆ ಕೇಳಿದ. ಚಿಕ್ಕಪ್ಪ ಯಾವ ಉದಾಹರಣೆಯನ್ನೂ ಕೊಡದೆ ಫೋನ್ ಇಟ್ಟರು. ಅವರು ವಾದ ಮಾಡದೆ ಫೋನ್ ಇಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು.

"ಕೂಸೇ," ಎಂದರು ನನ್ನ ಕಡೆ ತಿರುಗಿ, "ಇದನ್ನು ನಾವೇ ಬರೆದು ಅಂಟಿಸ್ಲಿಕ್ಕೆ ಆಗ್ತದಾ?"

ಹುಡುಕಿ ನೋಡಿದೆ. ಆಗುತ್ತದೆ, ಆದರೆ ಆ್ಯಪುಗಳಲ್ಲಿ ಅಲ್ಲ. ಅವರ ಮನೆಯ ಗೋಡೆಗೆ ನಾವು ಮೊಳೆ ಹೊಡೆಯುವಂತಿಲ್ಲ. ಸಿನಿಮಾ ಫೈಲಾಗಿ ನಮ್ಮ ಕೈಯಲ್ಲೇ ಇದ್ದರೆ ಯಾವ ಮಾತು ಯಾವಾಗ ಬರಬೇಕೆಂದು ಬೇರೆ ಫೈಲಿನಲ್ಲಿ ಬರೆದು ಪಕ್ಕದಲ್ಲಿಟ್ಟರೆ ಸಾಕು, ಟಿವಿ ಎರಡನ್ನೂ ಸೇರಿಸಿ ತೋರಿಸುತ್ತದೆ. ವರ್ಷಗಟ್ಟಲೆ ತೀರ್ಮಾನವಾಗದ ಚಿಕ್ಕಪ್ಪನ ಪ್ರಶ್ನೆ ಅಷ್ಟರಲ್ಲಿ ತೀರ್ಮಾನವಾಯಿತು. ಡಿಸ್ಕುಗಳೆಲ್ಲ ಹೊರಬಂದವು. ಅವನ್ನು ಹಾರ್ಡ್‌ಡಿಸ್ಕಿಗೆ ಹಾಕಿಕೊಟ್ಟೆ, ಕನ್ನಡ ಟೈಪಿಂಗ್ ತೋರಿಸಿಕೊಟ್ಟೆ. ಎರಡು ಬೆರಳಿನಲ್ಲಿ, ಕೋಳಿ ಕಾಳು ಹೆಕ್ಕುವಂತೆ, ಚಿಕ್ಕಪ್ಪ ಶುರುಮಾಡಿದರು. ಕೇಳುವುದು, ನಿಲ್ಲಿಸುವುದು, ಟೈಪು ಮಾಡುವುದು, ಹಿಂದೆ ಹೋಗಿ ಮತ್ತೆ ಕೇಳುವುದು. ಒತ್ತಕ್ಷರ ಬಂದಾಗಲೆಲ್ಲ ವಿರಾಜಪೇಟೆಗೆ ಫೋನು! ಬೇಸಿಗೆಯಲ್ಲಿ ಕಾಫಿ ಹೂ ಬಿಡುವಾಗ ಹಿಡಿದ ಒಂದು ಸಿನಿಮಾ ಮಳೆ ಶುರುವಾಗುವ ಹೊತ್ತಿಗೆ ಮುಗಿಯಿತು.

ಭಾನುವಾರ ಊಟವಾದ ಮೇಲೆ ಚಿಕ್ಕಮ್ಮನನ್ನು ಕೈಹಿಡಿದು ಕರೆತಂದೆವು. "ಈ ವಯಸ್ಸಲ್ಲಿ ಓದ್ಲಿಕ್ಕೆ ನಾನು ಶಾಲೆಗೆ ಹೋಗೋದಾ?" ಎನ್ನುತ್ತಲೇ ಕೂತರು. ಮೊದಲ ಹತ್ತು ನಿಮಿಷ ಎಡವಟ್ಟಾಯಿತು. ಹೊತ್ತಿನ ಲೆಕ್ಕ ತುಸು ತಪ್ಪಿ, ನಾಯಕ ಹೇಳಬೇಕಾದ ಪ್ರೇಮದ ಮಾತೆಲ್ಲ ನಾಯಕಿಯ ಅಪ್ಪನ ಬಾಯಿಗೆ ಹೋಗಿತ್ತು. ದಪ್ಪ ಮೀಸೆಯ ಆ ಮನುಷ್ಯ ಕಣ್ಣು ಕೆಂಪಗೆ ಮಾಡಿ, "ನೀನಿಲ್ಲದೆ ನನಗೆ ನಿದ್ದೆ ಇಲ್ಲ" ಎಂದಾಗ ಚಿಕ್ಕಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಎಷ್ಟೋ ತಿಂಗಳ ಮೇಲೆ ಆ ನಗು ಕೇಳಿದ್ದು.

ಅದನ್ನು ಸರಿಮಾಡಿ ಮತ್ತೆ ಹಾಕಿದೆ. ಆಗ ಗೊತ್ತಾಯಿತು ಚಿಕ್ಕಪ್ಪ ಬರೀ ಮಾತು ಬರೆದಿಲ್ಲವೆಂದು. ಮನೆಯಲ್ಲಿ ನಾವು ಆಡುವ, ಇಲ್ಲಿ ನಾನು ಕನ್ನಡಕ್ಕೆ ತಿರುಗಿಸಿ ಬರೆದಿರುವ ಅರೆಭಾಷೆಯಲ್ಲಿ 'ಇದೆ' ಎನ್ನಲು 'ಉಟ್ಟು' ಎನ್ನುತ್ತೇವೆ. ಪರದೆಯ ಕೆಳಗೆ ಬಂತು: "ಹಿಂದೆ ನಾಯಿ ಬೊಗಳ್ತಾ ಉಟ್ಟು. ನಮ್ಮದಲ್ಲ." ನಮ್ಮ ನಾಯಿ ಬೊಗಳಿತೆಂದು ಚಿಕ್ಕಮ್ಮ ಎದ್ದು ಹೋಗಬಾರದಲ್ಲ! ಇನ್ನೊಂದು ಕಡೆ: "ಈಗ ಹಾಡು. ಪಿಟೀಲು ಚಂದ ಉಟ್ಟು, ಮಾತು ಸುಮಾರು." ಮತ್ತೊಂದು ಕಡೆ: "ಇವ ಹೇಳುದು ಸುಳ್ಳು."

"ಕಥೆ ಮೊದಲೇ ಹೇಳ್ಬೇಡಿ!" ಎಂದು ಚಿಕ್ಕಮ್ಮ ಗಂಡನ ತೊಡೆಗೆ ಒಂದು ಕೊಟ್ಟರು.

ನಾನು ಓದುವುದರಲ್ಲೇ ಮುಳುಗಿದ್ದೆ. ಅರ್ಧ ಸಿನಿಮಾ ಕಳೆದ ಮೇಲೆ ಹೊಳೆಯಿತು, ಟಿವಿಯಿಂದ ಒಂದು ಚೂರೂ ಸದ್ದು ಬರುತ್ತಿಲ್ಲ. ಬಾಯಿಗಳು ಆಡುತ್ತಿವೆ, ಅಷ್ಟೇ. ರಿಮೋಟಿಗೆ ಕೈಹಾಕಿದೆ.

"ಇರ್ಲಿ ಬಿಡು, ನಾನೇ ತೆಗ್ದದ್ದು" ಎಂದರು ಚಿಕ್ಕಪ್ಪ.

"ನಿಮಗಾದ್ರೂ ಕೇಳ್ಬೇಡ್ವಾ?"

ಅವರು ಪರದೆಯಿಂದ ಕಣ್ಣು ತೆಗೆಯದೆ ಮೆಲ್ಲಗೆ ಹೇಳಿದರು: "ಸೌಂಡ್ ಇದ್ರೆ ನಾನು ಮೊದ್ಲು ನಗ್ತೇನೆ ಕೂಸೇ. ಅವಳು ಓದೋದು ಬಿಟ್ಟು ನನ್ನ ಮುಖ ನೋಡ್ತಾಳೆ, ಎಂಥಕ್ಕೆ ನಕ್ಕದ್ದು ಅಂತ. ಹೀಗಾದ್ರೆ ಇಬ್ರಿಗೂ ಒಟ್ಟಿಗೆ ನಗು ಬರ್ತದೆ."

ನಾನು ರಿಮೋಟು ಕೆಳಗಿಟ್ಟೆ. ಪರದೆಯಲ್ಲಿ ಯಾರೋ ಏಣಿಯಿಂದ ಜಾರಿ ಹಿಟ್ಟಿನ ಮೂಟೆಯ ಮೇಲೆ ಬಿದ್ದ. ಕೆಳಗೆ ಬರಹ ಬಂತು: "ಧೊಪ್!" ಇಬ್ಬರೂ ಒಟ್ಟಿಗೇ ನಕ್ಕರು. ಚಿಕ್ಕಮ್ಮನ ನಗು ಮಾಡಿನ ಹಂಚಿಗೆ ಮುಟ್ಟಿತು. ಅವರಿಗೇ ಏನೋ ಅಂಜಿಕೆಯಾಗಿ, ಗಂಡನ ಕಡೆ ತಿರುಗಿ ಕೇಳಿದರು.

"ಜೋರಾಗಿ ನಕ್ಕೆನಾ?"

ಚಿಕ್ಕಪ್ಪ ಅಂಗೈಯನ್ನು ಮೇಲಕ್ಕೆ ಎತ್ತಿ ಎತ್ತಿ ತೋರಿಸಿದರು: ಇನ್ನೂ, ಇನ್ನೂ ಜೋರಾಗಿ.