ಬಲಕ್ಕೆ ಸವೆದ ಟೈರು

ಕೋರ್ಟಿನಲ್ಲಿ ಗೆದ್ದ ದಿನ ವಕೀಲನಾದವನು ಮಲಗುವವರೆಗೂ ಬಾಯಿ ಬಿಡಬಾರದು. ಗೆದ್ದ ಬಾಯಿಗೆ ಇನ್ನೊಂದು ಗೆಲುವು ಬೇಕೆನಿಸುತ್ತದೆ. ಎದುರಿಗೆ ಇರುವವರು ಯಾರು ಎಂಬುದನ್ನು ಅದು ನೋಡುವುದಿಲ್ಲ. ಸೋತ ದಿನ ನಾನು ಬಹಳ ಒಳ್ಳೆಯ ಮನುಷ್ಯ. ತಣ್ಣಗೆ ಮನೆಗೆ ಬರುತ್ತೇನೆ, ಹಾಕಿದ್ದನ್ನು ಉಣ್ಣುತ್ತೇನೆ, ಪಲ್ಯಕ್ಕೆ ಉಪ್ಪು ಹೆಚ್ಚಾಗಿದ್ದರೆ ಅದು ನನ್ನ ನಾಲಿಗೆಯ ದೋಷವೆಂದು ಒಪ್ಪಿಕೊಳ್ಳುತ್ತೇನೆ. ಹುನಗುಂದದಲ್ಲಿ ನಾನು ವಕೀಲಿ ಮಾಡುತ್ತಿದ್ದ ಆ ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಗೆಲುವುಗಳು ಅಷ್ಟಾಗಿ ಇರಲಿಲ್ಲವಾದ್ದರಿಂದ ನಮ್ಮ ಸಂಸಾರ ಸುಖವಾಗಿಯೇ ನಡೆದಿತ್ತು. ಆದರೆ ಒಂದು ಯುಗಾದಿ ಮುಗಿದ ಮೇಲೆ ಬಾಗಲಕೋಟೆಯ ಕೋರ್ಟಿನಲ್ಲಿ ಒಂದು ಮೊಕದ್ದಮೆ ಗೆದ್ದೆ. ಗೆದ್ದ ಮೇಲೆ ನೆಟ್ಟಗೆ ಮನೆಗೆ ಬರುವುದು ಬಿಟ್ಟು, ಮೋಟಾರ್ ಸೈಕಲ್ಲಿಗೆ ಹೊಸ ಟೈರು ಕೊಳ್ಳಲು ಅಂಗಡಿಗೆ ಹೋದೆ. ಜೊತೆಗೆ ಹೆಂಡತಿ ನೀಲಾ ಇದ್ದಳು. ಪಾತ್ರೆ ಕೊಳ್ಳುವುದಿದೆ ಎಂದು ಬೆಳಿಗ್ಗೆ ಹಿಂದೆ ಕುಳಿತು ಬಂದಿದ್ದಳು.

ಗಾಡಿಯ ಸಂಗತಿಯನ್ನು ಮೊದಲು ಹೇಳಬೇಕು. ಅದು ನನ್ನಂಥವನಿಗಾಗಿ ಹುಟ್ಟಿದ್ದಲ್ಲ. ಅಣೆಕಟ್ಟಿನ ಕೆಲಸಕ್ಕೆಂದು ನಮ್ಮ ಸೀಮೆಗೆ ಬಂದಿದ್ದ ಪಂಜಾಬಿನ ಇಂಜಿನಿಯರೊಬ್ಬರು ಅದರ ಮೇಲೆ ಕಾಶ್ಮೀರದತನಕ ಹೋಗಿ ಬಂದಿದ್ದರು. ಎತ್ತರದ ಹ್ಯಾಂಡಲು, ಮುಂದೆ ಕಬ್ಬಿಣದ ಗಾರ್ಡು, ಹಿಂದೆ ಎರಡೂ ಬದಿಗೆ ಪೆಟ್ಟಿಗೆ ಕಟ್ಟುವ ಚೌಕಟ್ಟು. ವರ್ಗವಾದಾಗ ಅದನ್ನು ನನಗೆ ಮಾರಿ, ಕಣ್ಣಲ್ಲಿ ನೀರು ತಂದುಕೊಂಡು, ವರ್ಷಕ್ಕೊಮ್ಮೆಯಾದರೂ ಇದಕ್ಕೆ ಗುಡ್ಡ ತೋರಿಸಿ ಎಂದು ಹಿಂದಿಯಲ್ಲಿ ಕೈಮುಗಿದು ಹೇಳಿದ್ದರು. ನಾನು ಅದಕ್ಕೆ ತೋರಿಸಿದ ಅತಿ ದೊಡ್ಡ ಗುಡ್ಡವೆಂದರೆ ಬಾದಾಮಿಯದು, ಅದನ್ನೂ ಕೆಳಗಿನಿಂದ. ಉಳಿದಂತೆ ಮನೆಯಿಂದ ಕೋರ್ಟು, ಕೋರ್ಟಿನಿಂದ ಮನೆ, ವಾರಕ್ಕೊಮ್ಮೆ ಇಳಕಲ್ಲಿನಲ್ಲಿದ್ದ ಮಾವನ ಮನೆ. ಹಿಮ ಕಂಡು ಬಂದ ಆ ಚೌಕಟ್ಟಿಗೆ ನೀಲಾ ಬದನೆಕಾಯಿಯ ಚೀಲ ತೂಗುಹಾಕುತ್ತಿದ್ದಳು. ನಮ್ಮ ಓಣಿಯವರಂತೂ ಅದರ ಹಿಂದಿನ ಸಾಹಸಗಳಿಗೆ ಕವಡೆ ಕಿಮ್ಮತ್ತು ಕೊಡದೆ, ಎಲ್ಲ ಮೋಟಾರ್ ಸೈಕಲ್ಲುಗಳಿಗೆ ಅನ್ನುವಂತೆ ಅದಕ್ಕೂ ಫಟಫಟಿ ಅನ್ನುತ್ತಿದ್ದರು.

ಇಳಕಲ್ಲಿನ ದಾರಿ ದೊಡ್ಡದೇನಲ್ಲ. ಆದರೆ ಖರೆ ಹೇಳಬೇಕೆಂದರೆ ನಮ್ಮಿಬ್ಬರ ಸಂಸಾರ ನಡೆಯುತ್ತಿದ್ದುದು ಆ ದಾರಿಯ ಮೇಲೆಯೇ. ಮನೆಯಲ್ಲಿ ಪಡಸಾಲೆಯ ತುಂಬ ಕಕ್ಷಿದಾರರು. ಒಳಗೆ ಅವ್ವ, ತಮ್ಮಂದಿರು, ಅವರ ಹೆಂಡಂದಿರು, ಮಕ್ಕಳು. ಅಷ್ಟು ಮಂದಿಯ ನಡುವೆ ಗಂಡ ಹೆಂಡತಿ "ನೀರು ಕಾದಾವ್ರಿ", "ಬಂದೆ" ಎನ್ನುವುದಕ್ಕಿಂತ ಹೆಚ್ಚು ಮಾತಾಡಿದರೆ ಎಲ್ಲರೂ ಕಿವಿ ನಿಮಿರಿಸುತ್ತಿದ್ದರು. ಗಾಡಿ ಊರು ದಾಟಿತೋ ಇಲ್ಲವೋ, ನೀಲಾ ನನ್ನ ಭುಜದ ಹತ್ತಿರ ಬಾಯಿ ತಂದು ಶುರು ಮಾಡುತ್ತಿದ್ದಳು. ಯಾರು ಏನಂದರು, ಯಾರು ಏನನ್ನಲಿಲ್ಲ, ಮಗಳು ಸಾಲಿಯಲ್ಲಿ ಯಾಕೆ ಅತ್ತಳು, ನಾನು ನಿನ್ನೆ ಪಂಕ್ತಿಯಲ್ಲಿ ಎಂಥ ದಡ್ಡ ಮಾತಾಡಿದೆ. ನಾನು ಗಾಳಿಗೆ ಎದುರಾಗಿ ಒದರಿ ಉತ್ತರ ಕೊಡುತ್ತಿದ್ದೆ. ಹಾಗೆ ಒದರುವ ಸುಖ ನನಗೆ ಯಾವ ನ್ಯಾಯಾಧೀಶರ ಮುಂದೆಯೂ ಸಿಕ್ಕಿಲ್ಲ.

ಬಾಗಲಕೋಟೆಯ ಆ ಅಂಗಡಿಯ ಸಂಗಪ್ಪ ಟೈರುಗಳ ವಿಷಯದಲ್ಲಿ ಬಹಳ ಮಾತಿನ ಮನುಷ್ಯ. ಬೇರೆ ಅಂಗಡಿಯವರು ಸರಕು ಮಾರಿದರೆ ಇವನು ಅಭಿಪ್ರಾಯ ಮಾರುತ್ತಿದ್ದ. ನಮ್ಮನ್ನು ಕೂಡಿಸಿ, ಚಹಾ ತರಿಸಿ, ಎರಡು ಟೈರು ಉರುಳಿಸಿಕೊಂಡು ಬಂದ.

"ಇದು ಗೆರಿ ಟೈರ ನೋಡ್ರಿ ವಕೀಲ್ರ. ಡಾಂಬರ ರಸ್ತಾಕ ಭೇಷ್. ಇದು ಹಲ್ಲಿನ ಟೈರ. ಕಲ್ಲು, ಮಣ್ಣು, ಗುಡ್ಡ, ಎಲ್ಲಿ ಬೇಕಾದಲ್ಲಿ ಒಯ್ರಿ. ಆದ್ರ ಡಾಂಬರಿನ ಮ್ಯಾಲ ಲಗೂನ ಸವೀತೈತಿ, ಗುರ್ರ್ ಅಂತೈತಿ. ನೀವು ಎಲ್ಲೆಲ್ಲಿ ಅಡ್ಡಾಡತೀರಿ?"

ನಾನು ಕಾಶ್ಮೀರದ ಮಾತು ತೆಗೆಯಬೇಕೆನ್ನುವಷ್ಟರಲ್ಲಿ ನೀಲಾ, "ಇಳಕಲ್ಲಿಗೆ. ಗೆರೀದನ ಕೊಡ್ರಿ ಅಣ್ಣಾರ, ಹಿಂದ ಕುಂತ್ರ ನಡಾ ನಡಗಬಾರದು" ಅಂದಳು. ವ್ಯವಹಾರ ಅಲ್ಲಿಗೆ ಮುಗಿಯಬೇಕಿತ್ತು. ಅಷ್ಟರಲ್ಲಿ ಹಳೆಯ ಹಿಂದಿನ ಟೈರನ್ನು ಕಳಚಿದ ಸಂಗಪ್ಪ ಅದನ್ನು ಬೆಳಕಿಗೆ ಹಿಡಿದು, "ಇದೇನ್ರಿ, ಬಲಗಡೆ ಅಷ್ಟ ಸವದೈತಿ, ಎಡಕ್ಕ ಇನ್ನೂ ಗಟ್ಟಿಮುಟ್ಟ ಐತಿ!" ಎಂದು ಆಶ್ಚರ್ಯಪಟ್ಟ. ಚಹಾ ಕುಡಿಯುತ್ತಿದ್ದ ನಾಕಾರು ಗಿರಾಕಿಗಳೂ ಬಗ್ಗಿ ನೋಡಿದರು.

ಬೆಳಿಗ್ಗೆ ಗೆದ್ದ ಬಾಯಿ ನೋಡಿ, ಸುಮ್ಮನಿರಲಿಲ್ಲ. ನಾನು ಎದ್ದು ನಿಂತೆ. ಕೋಟಿನ ಗುಂಡಿಯನ್ನೂ ಹಾಕಿಕೊಂಡೆನೆಂದು ಕಾಣುತ್ತದೆ. "ಇದರಾಗ ಆಶ್ಚರ್ಯ ಏನೈತಿ ಸಂಗಪ್ಪ? ಹಿಂದ ಕುಂದ್ರೋ ಹೆಣ್ಣಮಕ್ಕಳು ಎರಡೂ ಕಾಲು ಎಡಕ್ಕ ಹಾಕಿ ಕುಂದರತಾರ. ಭಾರ ಎಲ್ಲಾ ಎಡಕ್ಕ ಬೀಳತೈತಿ. ಗಾಡಿ ಬೀಳಬಾರದಂದ್ರ ಹೊಡಿಯಾಂವ ಬಲಕ್ಕ ವಾಲಿಸಿ ಹಿಡೀಬೇಕು. ಆವಾಗ ಸವಿಯೂದು ಯಾವ ಕಡೆ? ಬಲಗಡೆ. ಅಂದ್ರ ಈ ಟೈರ ಹಾಳಾಗಾಕ ಕಾರಣ ಹೊಡಿಯಾಂವ ಅಲ್ಲ, ಹಿಂದ ಕುಂತಾಕಿ!" ಗಿರಾಕಿಗಳು ತಲೆದೂಗಿದರು. ಒಬ್ಬ "ಹೌದ್ ಹೌದ್" ಅಂದ. ಸಂಗಪ್ಪನಂತೂ ಈ ಸಿದ್ಧಾಂತಕ್ಕೆ ಮರುಳಾಗಿ, ಭಾರ ಇದ್ದಷ್ಟೂ ಸವೆತ ಹೆಚ್ಚು ಎಂದು ತನ್ನದೂ ಒಂದು ಮಾತು ಸೇರಿಸಿದ. ನನಗೆ ಎಷ್ಟು ಹಿಗ್ಗಾಗಿತ್ತೆಂದರೆ, ನೀಲಾ ಚಹಾದ ಕಪ್ಪನ್ನು ಮುಟ್ಟದೆ ಎದ್ದದ್ದು, ಪಾತ್ರೆಯ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡದ್ದು ಕಾಣಲಿಲ್ಲ.

"ನಾ ಬಸ್ಸಿಗೆ ಹೊಂಟೇನ್ರಿ. ನಿಮ್ಮ ಟೈರಿಗೆ ಭಾರ ಆಗೂದು ಬ್ಯಾಡ" ಎಂದು ಅಷ್ಟೇ ಹೇಳಿ ಮೆಟ್ಟಿಲಿಳಿದಳು.

ಹಿಂದೆ ಓಡಿ ಹೋಗಬೇಕಾಗಿತ್ತು. ಹೋಗಲಿಲ್ಲ. ಅಷ್ಟು ಮಂದಿಯ ಎದುರಿಗೆ ಹೋದರೆ ವಾದಕ್ಕೆ ಪೆಟ್ಟು ಬೀಳುತ್ತದಲ್ಲ! ಬದಲಿಗೆ ಒಣ ಠೇಂಕಾರದಿಂದ, "ಹಲ್ಲಿನ ಟೈರನ್ನೇ ಹಾಕು" ಅಂದೆ. ಎರಡೂ ಗಾಲಿಗೆ ಹಲ್ಲಿನ ಟೈರು ಬಿದ್ದವು. ಹುನಗುಂದದವರೆಗೂ ಗುರ್ರ್ ಎನ್ನುತ್ತಾ ಬಂದೆ. ಗಾಡಿ ಒಂದು ಕಡೆ ಗುರ್ರ್, ನಾನು ಒಂದು ಕಡೆ.

ನೀಲಾ ಮುಖ ಊದಿಸಿಕೊಂಡು ಕೂತಿದ್ದರೆ ನನಗೆ ಸಮಾಧಾನವಿರುತ್ತಿತ್ತು. ಅವಳು ಹಾಗೆ ಮಾಡಲಿಲ್ಲ. ಬಿಸಿ ರೊಟ್ಟಿ ಹಾಕುವುದು ತಪ್ಪಲಿಲ್ಲ, ಕೋರ್ಟಿಗೆ ಹೊತ್ತಾಯಿತೆಂದು ಹೇಳುವುದೂ ತಪ್ಪಲಿಲ್ಲ. ಗಾಡಿಯ ಮೇಲೆ ಮಾತ್ರ ಕೂಡಲಿಲ್ಲ. ಮುಂದಿನ ವಾರ ಇಳಕಲ್ಲಿಗೆ ಹೊರಟಾಗ ನಾನು ಗಾಡಿ ಶುರು ಮಾಡಿ ನಿಂತೆ; ಅವಳು ನನ್ನ ಮುಂದೆಯೇ ಹಾದು ಬಸ್ ಸ್ಟ್ಯಾಂಡಿಗೆ ನಡೆದಳು. ಸರ್ಕಾರಿ ಬಸ್ಸು ಮುಂದೆ, ಅದರ ಧೂಳು ತಿನ್ನುತ್ತಾ ನಾನು ಹಿಂದೆ. ಕಿಟಕಿಯ ಪಕ್ಕ ಕುಳಿತ ಅವಳು ಯಾರೋ ಅಪರಿಚಿತ ಹೆಣ್ಣುಮಗಳ ಜೊತೆ, ನನಗೆ ಹೇಳಬೇಕಾದ ಮಾತುಗಳನ್ನೆಲ್ಲ ಕೈ ತಿರುಗಿಸಿ ತಿರುಗಿಸಿ ಹೇಳುತ್ತಿದ್ದಳು. ಹೊಟ್ಟೆ ಉರಿಯಿತು. ಇಳಕಲ್ಲಿನಲ್ಲಿ ಅತ್ತೆಯವರು, "ಇಬ್ಬರೂ ಬ್ಯಾರೆ ಬ್ಯಾರೆ ಯಾಕ ಬಂದ್ರಿ?" ಎಂದು ಕೇಳಿದರೆ ನೀಲಾ, "ಟೈರ ಹೊಸಾವ ಅದಾವ ಬೇ" ಎಂದು ಒಳಗೆ ಹೋದಳು.

ಹಲ್ಲಿನ ಟೈರಾದರೂ ನನ್ನ ಮಾನ ಕಾಯಿತೇ ಎಂದರೆ ಅದೂ ಇಲ್ಲ. ಮಳೆಗಾಲದಲ್ಲಿ ಒಂದು ಹೊಲದ ತಂಟೆ ನೋಡಲು ಹೋಗುವುದಿತ್ತು. ಇಂಥದಕ್ಕೇ ಈ ಟೈರು ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಎರೆ ಹೊಲಕ್ಕೆ ಗಾಡಿ ಇಳಿಸಿದೆ. ನಮ್ಮ ಜಿಗುಟು ಕಪ್ಪು ಎರೆ ಮಣ್ಣು ಹಲ್ಲುಗಳ ನಡುವೆ ಹೊಕ್ಕು, ಮಡ್‌ಗಾರ್ಡಿನ ಕೆಳಗೆ ತುಂಬಿ, ಗಾಲಿಗಳು ತಿರುಗುವುದನ್ನೇ ಮರೆತವು. ಕಡೆಗೆ ಎದುರು ಪಕ್ಷದವನ ಎತ್ತುಗಳೇ ನನ್ನನ್ನು ಎಳೆದು ರಸ್ತೆಗೆ ಹಾಕಿದವು. ಆ ಕಥೆಯನ್ನು ಹೇಳಲು ಊರು ದಾಟಿದ ಮೇಲೆ ಭುಜದ ಹತ್ತಿರ ಯಾರೂ ಇರಲಿಲ್ಲ. ಅವಳಾದರೆ ಬಿದ್ದು ಬಿದ್ದು ನಗುತ್ತಿದ್ದಳು. ಕೇಳುವವರಿಲ್ಲದ ಅವಮಾನ ಬಹಳ ದಿನ ಒಳಗೇ ಉಳಿಯುತ್ತದೆ.

ಮಹಾನವಮಿ ಬಂತು. ಖಂಡೇಪೂಜೆಯ ದಿನ ನಮ್ಮಲ್ಲಿ ಕುಡಗೋಲು, ಕೊಡಲಿ, ಒನಕೆಗಳ ಸಾಲಿನಲ್ಲಿ ಗಾಡಿಯನ್ನೂ ತೊಳೆದು ನಿಲ್ಲಿಸುವುದು ವಾಡಿಕೆ. ನನ್ನ ಕಾನೂನು ಪುಸ್ತಕಗಳೂ ಅಲ್ಲೇ ಕೊಡಲಿಯ ಪಕ್ಕ ಇರುತ್ತಿದ್ದವು. ಗಾಲಿಗಳಿಗೆ ವಿಭೂತಿ ಹಚ್ಚುವವಳು ನೀಲಾ. ಅವ್ವ ಆರತಿ ತಟ್ಟೆ ಹಿಡಿದು ನಿಂತಿದ್ದಳು, ತಮ್ಮಂದಿರು ಕೈಮುಗಿದು ನಿಂತಿದ್ದರು. ಹಿಂದಿನ ಗಾಲಿಗೆ ಮೂರು ಬೆರಳೆಳೆದ ನೀಲಾ ಅಲ್ಲೇ ಕೈ ತಡೆದಳು. ಮತ್ತೆ ಬೆರಳಾಡಿಸಿದಳು. ಎದ್ದು, ಆ ಕಡೆ ಹೋಗಿ ಬಗ್ಗಿ ನೋಡಿ ಬಂದಳು.

"ವಕೀಲ್ರ, ಸ್ವಲ್ಪ ಇತ್ಲಾಗ ಬರ್ರಿ. ಇದು ಯಾವ ಕಡೆ ಸವದೈತಿ?"

ನೋಡಿದೆ. ಎಡಗಡೆಯ ಹಲ್ಲು ಎತ್ತರಕ್ಕೆ ನಿಂತಿದ್ದವು. ಬಲಗಡೆಯವು ನುಣ್ಣಗಾಗಿದ್ದವು. "ಬಲಕ್ಕ" ಅಂದೆ.

"ಬಲಕ್ಕ ಸವಿಬೇಕಂದ್ರ ಹಿಂದ ಒಬ್ಬಾಕಿ ಎಡಕ್ಕ ಕಾಲು ಹಾಕಿ ಕುಂತಿರಬೇಕು ಅಂತ ಬಾಗಲಕೋಟ್ಯಾಗ ನೀವ ಹೇಳಿದ್ರಿ, ಹೌದಿಲ್ರಿ? ಯುಗಾದಿ ಆದಮ್ಯಾಲ ನಾ ಕುಂತಿಲ್ಲ. ಹಂಗಾರ ಕುಂತಾಕಿ ಯಾರ್ರಿ?"

ಪಾಟೀಸವಾಲಿನಲ್ಲಿ ಎಷ್ಟೋ ಮಂದಿಯ ಬೆವರಿಳಿಸಿದ್ದೇನೆ. ಬೆವರು ಹೇಗೆ ಇಳಿಯುತ್ತದೆಂದು ಅಂದು ತಿಳಿಯಿತು. ಅವ್ವ ಆರತಿ ತಟ್ಟೆ ಕೆಳಗಿಟ್ಟಳು. "ಯಾರೋ ಆಕಿ?" ಎಂದಳು, ತನ್ನ ಮಗನ ಮೇಲೆ ಅಷ್ಟೊಂದು ನಂಬಿಕೆಯಿಟ್ಟು. ತಮ್ಮಂದಿರು ಮುಗಿದ ಕೈ ಇಳಿಸದೆ ನನ್ನತ್ತ ತಿರುಗಿದರು. ನನ್ನ ಸಿದ್ಧಾಂತ ನಿಜವಾದರೆ ನಾನು ಕೆಟ್ಟವನು, ಸುಳ್ಳಾದರೆ ಅಷ್ಟು ಮಂದಿಯ ಎದುರು ಹೆಂಡತಿಯನ್ನು ಸುಮ್ಮನೆ ಆಡಿಕೊಂಡವನು. ರಸ್ತೆಯ ಇಳಿಜಾರಿನ ಬಗ್ಗೆ ಏನೋ ತೊದಲಿದೆ. ನೀಲಾ ಸೊಂಟಕ್ಕೆ ಕೈಯಿಟ್ಟುಕೊಂಡು ಕಾದಳು. ಅವಳ ತುಟಿಯ ಮೂಲೆಯಲ್ಲಿ ನಗೆ ಇತ್ತೆಂದು ಈಗ ಅನಿಸುತ್ತದೆ, ಆಗ ಕಾಣಲಿಲ್ಲ.

"ಯಾರೂ ಕುಂತಿಲ್ಲ ನೀಲಾ" ಅಂದೆ. ಮನೆಮಂದಿಯ ಎದುರಿಗೆ ಅವಳ ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ನನ್ನ ಕೈಗೆ ರೂಢಿ ಬಿದ್ದೈತಿ. ನೀ ಹಿಂದ ಇದ್ದೀ ಅಂತನ ಗಾಡಿ ವಾಲಿಸ್ತೈತಿ. ಒಬ್ಬನ ಹೋಗೂದು ಇನ್ನೂ ಬರವಲ್ದು ನನಗ."

ನೀಲಾ ಬಗ್ಗಿ, ಉಳಿದ ವಿಭೂತಿಯನ್ನು ಸವೆದ ಕಡೆಗೇ ಹಚ್ಚಿದಳು. ಆಮೇಲೆ, "ಈ ಮಾತು ಇಲ್ಲಿ ಹೇಳಿದ್ರ ಆಗೂದಿಲ್ರಿ. ಎಲ್ಲಿ ನನ್ನ ಮ್ಯಾಲ ಹಾಕಿದ್ರಿ, ಅಲ್ಲೇ ಬಂದು ಹೇಳಬೇಕು" ಅಂದಳು.

ಹಬ್ಬ ಮುಗಿದ ಮೇಲೆ ಬಾಗಲಕೋಟೆಗೆ ಹೋದೆವು. ತೀರ್ಪು ಜಾರಿಯಾಗುವವರೆಗೆ ಗಾಡಿಯ ಮೇಲೆ ಕೂಡುವುದಿಲ್ಲವೆಂದು ಅವಳು ಬಸ್ಸಿನಲ್ಲಿ, ನಾನು ಅದರ ಹಿಂದೆ. ಅಂಗಡಿಯಲ್ಲಿ ಹಿಂದಿನ ಗಿರಾಕಿಗಳಿರಲಿಲ್ಲ, ಬೇರೆಯವರಿದ್ದರು. ಅವರಿಗೆ ತಳಬುಡ ತಿಳಿಯದಿದ್ದರೂ ನಾನು ನಿಂತು, ಗುಂಡಿ ಬಿಚ್ಚಿದ ಕೋಟಿನಲ್ಲಿ, ತಪ್ಪು ಹಿಂದೆ ಕುಂತಾಕಿಯದಲ್ಲ, ಹೊಡೆಯುವವನದು ಎಂದು ಹೇಳಿದೆ. ಸಂಗಪ್ಪ ಹೊಸ ಸಿದ್ಧಾಂತಕ್ಕೂ ಅಷ್ಟೇ ಹುರುಪಿನಿಂದ ತಲೆದೂಗಿ, ತಾನು ಮೊದಲೇ ಹಾಗೆ ಹೇಳಿದ್ದೆ ಅಂದ. ನೀಲಾ ಗೆರೆಯ ಟೈರುಗಳನ್ನು ತೋರಿಸಿದಳು. ನಾನು ಬಾಯಿ ಹಾಕಲಿಲ್ಲ.

ಹೊರಟಾಗ ಅವಳು ಸೆರಗು ಸಿಕ್ಕಿಸಿಕೊಂಡು ಹಿಂದೆ ಕುಳಿತಳು. ಭುಜದ ಮೇಲೆ ಕೈ ಬಿತ್ತು. ಇನ್ನು ಮುಂದೆ ಟೈರಿನ ಮಾತಿಗೆ ಅವಕಾಶವಿರಬಾರದೆಂದು ಗಾಡಿಯನ್ನು ಕೋಲಿನಂತೆ ನೆಟ್ಟಗೆ ಹಿಡಿದು ನಡೆಸಿದೆ. ಊರು ದಾಟಿದ ಮೇಲೆ ಬೆನ್ನಿಗೆ ಬೆರಳಿನಿಂದ ತಿವಿದಳು.

"ಯಾಕ್ರಿ ಹಿಂಗ ಬಿಗದು ಕುಂತೀರಿ? ಜಾರಿ ಬೀಳ್ತೇನೇನೋ ಅನಸಾಕತ್ತೈತಿ. ಮದ್ಲಿನಂಗ ವಾಲಿಸಿ ಹೊಡೀರಿ."

"ಟೈರ ಸವೀತೈತಿ" ಅಂದೆ.

"ಸವೀಲಿ ಬಿಡ್ರಿ" ಅಂದಳು.

ವಾಲಿಸಿದೆ. ಅವಳು ಶುರು ಮಾಡಿದಳು. ಯುಗಾದಿಯಿಂದ ಕೂಡಿಬಿದ್ದ ಮಾತು; ಅದರಲ್ಲಿ ಮುಕ್ಕಾಲು ಪಾಲು ನನ್ನ ತಪ್ಪುಗಳು, ಒಂದೂ ಬಿಡದಂತೆ, ಸಾಕ್ಷಿಸಮೇತ. ಅಮೀನಗಡ ಬಂತು, ಮುಗಿಯಲಿಲ್ಲ. ಹುನಗುಂದ ಬಂತು, ಎರೆ ಹೊಲದಿಂದ ನನ್ನನ್ನು ಎತ್ತುಗಳು ಎಳೆದದ್ದು ಊರಿಗೆಲ್ಲ ಗೊತ್ತಾದ ಬಗೆಗೆ ಆಗಷ್ಟೇ ಕೈ ಹಾಕಿದ್ದಳು. ನಮ್ಮ ಓಣಿಗೆ ತಿರುಗುವ ಜಾಗದಲ್ಲಿ ನಾನು ತಿರುಗಲಿಲ್ಲ.

"ಅಲ್ರಿ, ಮನಿ ಹಿಂದ ಉಳೀತಲ್ರಿ!"

"ಗೊತ್ತೈತಿ" ಎಂದು ಗಾಳಿಗೆ ಒದರಿದೆ. "ನೀ ಬೈಯೂದು ನಿಲ್ಲಿಸಬ್ಯಾಡ."