ನಮ್ಮ ಮೈ, ಅವರ ರಿಸರ್ಚು

ಮೈಗೆ ಯಾವುದು ಒಳ್ಳೆಯದು ಅಂತ ಕಂಡಕಂಡವರೆಲ್ಲ ಹೇಳುವ ಊರಿನಲ್ಲಿದ್ದ ಮೇಲೆ ಇಂಥದ್ದು ನಡೆಯುತ್ತಲೇ ಇರುತ್ತದೆ. ಆಗ ನಾನು ಅಮೆರಿಕದ ಸಾಂಟಾ ಕ್ಲಾರಾದ ಒಂದು ಪುಟ್ಟ ಡಾಟ್‌ಕಾಮ್ ಕಂಪನಿಯಲ್ಲಿದ್ದೆ. ಪಕ್ಕದ ಸೀಟಿನಲ್ಲಿ ಹುಬ್ಬಳ್ಳಿಯ ಗೆಳೆಯ. ಊರಿನಲ್ಲಿ ಅವನ ಅಣ್ಣನಿಗೆ ಬೈಪಾಸ್ ಆದಾಗಿನಿಂದ ಇವನಿಗೆ ತನ್ನ ಹೃದಯದ್ದೇ ಯೋಚನೆ. ಬೆಳಿಗ್ಗೆ ಆಫೀಸಿಗೆ ಬಂದವನೇ ಇಂಟರ್ನೆಟ್ಟಿನಲ್ಲಿ ಆರೋಗ್ಯದ ಬಗ್ಗೆ ಹೊಸ ರಿಸರ್ಚು ಏನು ಬಂದಿದೆ ಅಂತ ನೋಡುತ್ತಿದ್ದ. ಕೆಲಸ ಆಮೇಲೆ.

ತತ್ತಿ

ಮೊಟ್ಟೆ ಹೃದಯಕ್ಕೆ ಕೆಟ್ಟದ್ದು ಅಂತ ಓದಿ ಮನೆಯಲ್ಲಿ ಮೊಟ್ಟೆ ನಿಲ್ಲಿಸಿದ. ತಿಂದರೆ ಏನೂ ಆಗಲ್ಲ ಅಂತ ಇನ್ನೆಲ್ಲೋ ಓದಿ ಮತ್ತೆ ತಂದ. ಬಿಳಿ ಭಾಗ ಮಾತ್ರ ತಿನ್ನಬೇಕು ಅಂತ ಮೂರನೆಯದೊಂದು ಬಂತು. ಒಂದು ಭಾನುವಾರ ಬೆರ್ರಿಯೆಸಾ ಬಡಾವಣೆಯ ಅವರ ಮನೆಗೆ ಹೋಗಿದ್ದೆ. ಅವನ ಹೆಂಡತಿ ಅಡುಗೆಮನೆಯಿಂದಲೇ ಕೂಗಿದರು:

"ರೀ, ಇವತ್ತು ತತ್ತಿ ಒಳ್ಳೇದೋ ಕೆಟ್ಟದ್ದೋ? ಲಗೂ ಹೇಳ್ರಿ, ಎಣ್ಣಿ ಕಾದೈತಿ!"

ಅತ್ತೆಯ ಕಾಫಿ

ಆ ಬೇಸಿಗೆಯಲ್ಲಿ ನನ್ನ ಅತ್ತೆ ಮಂಡ್ಯದಿಂದ ಬಂದಿದ್ದರು. ಊಟಕ್ಕೆ ಬಂದ ಗೆಳೆಯ, "ಅಮ್ಮಾ, ಕಾಫಿ ಬಿಡ್ರಿ. ನರಕ್ಕ ಒಳ್ಳೇದಲ್ಲಂತ ರಿಸರ್ಚು ಆಗೇತಿ" ಅಂದ. ಓದಿದ ಹುಡುಗನ ಮಾತು ಅಂತ ಅತ್ತೆ ಮರುದಿನವೇ ಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ತಲೆಗೆ ಬಟ್ಟೆ ಬಿಗಿದುಕೊಂಡು ಮಲಗಿದವರು ಅದರ ಮರುದಿನವೂ ಏಳಲಿಲ್ಲ. ನನ್ನ ಹೆಂಡತಿ ನನ್ನ ಜೊತೆ ಮಾತು ಬಿಟ್ಟಳು. ಗೆಳೆಯ ಗಾಬರಿಯಿಂದ ನೋಡಲು ಬಂದ.

"ಆ ರಿಸರ್ಚು ಮಾಡಿದೋರು ಯಾರನ್ನ ಕೇಳಿದ್ರಪ್ಪಾ?" ಅಂದರು ಅತ್ತೆ, ಮಲಗಿದಲ್ಲಿಂದಲೇ.

"ಕಾಫಿ ಕುಡಿಯೋರನ್ನ ಕೇಳಿರ್ತಾರ, ಅಮ್ಮಾ."

"ನಾನು ಮದ್ವೆ ಆದಾಗ್ನಿಂದ ಕುಡೀತಾ ಇವ್ನಿ. ನನ್ನ ಯಾರೂ ಕೇಳ್ಲೇ ಇಲ್ವಲ್ಲ!"

ಎದ್ದು ಹೋಗಿ ಡಿಕಾಕ್ಷನ್ ಹಾಕಿದರು. ಅರ್ಧ ಗಂಟೆಯಲ್ಲಿ ತಲೆನೋವು ಮಾಯ. ಗೆಳೆಯ ಇನ್ನೊಂದು ಲೋಟ ಕೇಳಿ ಹಾಕಿಸಿಕೊಂಡ.

ನೀರು

ಬಾಯಾರಿಕೆ ಆಗುವ ತನಕ ಕಾಯಬಾರದು, ಮೊದಲೇ ಕುಡಿಯುತ್ತಿರಬೇಕು ಅನ್ನುವುದು ಮುಂದಿನ ಸುದ್ದಿ. ಕಂಪನಿಗೆ ಬಂಡವಾಳ ಹಾಕುವವರು ಬಂದ ದಿನವೂ ಅವನ ಕೈಯಲ್ಲಿ ದೊಡ್ಡ ಬಾಟಲಿ. ಅವರು ಒಪ್ಪದಿದ್ದರೆ ನಮಗೆಲ್ಲ ಮನೆಯೇ ಗತಿ. ಮಾತು ಮುಖ್ಯ ಘಟ್ಟಕ್ಕೆ ಬಂದಾಗಲೆಲ್ಲ ಇವನು "ಎಕ್ಸ್‌ಕ್ಯೂಸ್ ಮಿ" ಅಂತ ಎದ್ದು ಹೊರಗೆ ಓಡುತ್ತಿದ್ದ. ಬಂದವರು ತಮ್ಮತಮ್ಮಲ್ಲೇ ಪಿಸುಗುಟ್ಟಿ, "ನಿಮ್ಮ ಇಂಜಿನಿಯರು ಹೊರಗೆ ಹೋಗಿ ಬೇರೆ ಯಾವ ಬಂಡವಾಳದವರ ಜೊತೆ ಮಾತಾಡುತ್ತಿದ್ದಾರೆ? ಅವರಿಗೆ ಮಾತು ಕೊಡಬೇಡಿ, ನಾವೇ ದುಡ್ಡು ಹಾಕುತ್ತೇವೆ" ಅಂದುಬಿಟ್ಟರು.

ಮರುದಿನ ಬಾಸು ತಾವೇ ಅವನ ಮೇಜಿನ ಮೇಲೆ ಇನ್ನೂ ದೊಡ್ಡದೊಂದು ಬಾಟಲಿ ತಂದಿಟ್ಟರು.

ಎದೆಬಡಿತ

ಕೊನೆಗೆ ಆಫೀಸಿನ ಹತ್ತಿರದ ಜಿಮ್ಮಿಗೆ ಇಬ್ಬರೂ ಸೇರಿದೆವು. ವಯಸ್ಸಿಗೆ ತಕ್ಕಂತೆ ಎದೆಬಡಿತ ಇಷ್ಟರ ಮೇಲೆ ಹೋಗಬಾರದು ಅಂತ ಅವನು ಓದಿಕೊಂಡೇ ಬಂದಿದ್ದ. ಟ್ರೆಡ್‌ಮಿಲ್ಲಿನ ಪರದೆಯಲ್ಲಿ ಎದೆಬಡಿತ ಕಾಣುತ್ತಿತ್ತು. ಗೆಳೆಯ ಅದರ ಮೇಲೆ ಸಂತೆಗೆ ಹೊರಟವನ ಹಾಗೆ ನಿಧಾನವಾಗಿ ನಡೆಯುತ್ತಿದ್ದ. ಪಕ್ಕದ ಮಷೀನಿನಲ್ಲಿ ಒಬ್ಬ ಅಮೆರಿಕನ್ ಹುಡುಗಿ ಶರವೇಗದಲ್ಲಿ ಓಡುತ್ತಿದ್ದಳು. ಇದ್ದಕ್ಕಿದ್ದಂತೆ ಇವನ ಮುಖ ಬಿಳಿಚಿಕೊಂಡಿತು. ನೋಡಿದರೆ ಪರದೆಯ ಮೇಲಿನ ಅಂಕಿ ಏರುತ್ತಲೇ ಇದೆ.

"ಎದೆ ನೋಯ್ತಿದೆಯಾ?" ಅಂದೆ.

"ಇಲ್ಲ."

"ಉಸಿರು ಕಟ್ತಿದೆಯಾ?"

"ಇಲ್ಲಪಾ, ಆರಾಮ್ ಐತಿ. ಆದ್ರ ಮಷೀನು ಸುಳ್ಳು ಹೇಳ್ತದೇನು?"

ಇಳಿದು ನೆಲದ ಮೇಲೆ ಮಲಗಿಯೇಬಿಟ್ಟ. ಪಕ್ಕದ ಅಂಗಡಿಗೆ ಬಂದಿದ್ದ ಅವನ ಹೆಂಡತಿಗೆ ಫೋನು ಮಾಡಿ ಟ್ರೇನರನ್ನು ಕರೆತಂದೆ. ಆತ ಮಣಿಕಟ್ಟು ಹಿಡಿದು ನೋಡಿದ. ನಾಡಿ ಸರಿಯಾಗಿಯೇ ಇತ್ತು. ತಲೆ ಎತ್ತಿದರೆ ಖಾಲಿ ಟ್ರೆಡ್‌ಮಿಲ್ಲಿನ ಪರದೆಯಲ್ಲಿ ಎದೆ ಇನ್ನೂ ಜೋರಾಗಿ ಬಡಿಯುತ್ತಲೇ ಇದೆ! ಅಷ್ಟರಲ್ಲಿ ಆ ಹುಡುಗಿ ಓಟ ಮುಗಿಸಿ ನೀರು ಕುಡಿಯಲು ಹೋದಳು. ಅಂಕಿಯೂ ಮಾಯವಾಯಿತು. ಅವಳು ಎದೆಗೆ ಕಟ್ಟಿಕೊಂಡಿದ್ದ, ಬಡಿತ ಅಳೆಯುವ ಪಟ್ಟಿಯ ಸಿಗ್ನಲ್ಲನ್ನು ಇವನ ಮಷೀನು ಹಿಡಿಯುತ್ತಿತ್ತು ಅಂತ ಟ್ರೇನರು ವಿವರಿಸಿದ.

ಆ ಹೊತ್ತಿಗೆ ಅವನ ಹೆಂಡತಿ ಅಳುತ್ತಾ ಓಡಿಬಂದರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಕಣ್ಣು ಒರೆಸಿಕೊಂಡು, ನೆಲದ ಮೇಲಿದ್ದ ಗಂಡನನ್ನು ಒಮ್ಮೆ, ನೀರು ಕುಡಿಯುತ್ತಿದ್ದ ಹುಡುಗಿಯನ್ನು ಒಮ್ಮೆ ನೋಡಿ ಕೇಳಿದರು:

"ಅಲ್ರೀ, ಓಡಿದಾಕಿ ಅಕಿ, ಎದಿ ಬಡದದ್ದು ಅಕೀದು. ನೀವ್ಯಾಕ ಮಲಗೀರಿ?"