ಕೋಚ್ ಹಕಬಿಯ ಭುಜಪರೀಕ್ಷೆ

ಟೆಕ್ಸಸ್ಸಿನ ಕಾಟನ್ ಗ್ಯಾಪ್ ಎಂಬ ಊರಿನಲ್ಲಿ, ವೆಂಡೆಲ್ ಹಕಬಿಯ ಬಲಭುಜದ ಒಪ್ಪಿಗೆಯಿಲ್ಲದೆ ಯಾವ ವಸ್ತುವೂ ಅವನ ಮನೆ ಸೇರುವಂತಿರಲಿಲ್ಲ. ಬೇರೆಯವರು ಫ್ರಿಜ್ ಕೊಳ್ಳುವಾಗ ಬಾಗಿಲು ತೆರೆದು ನೋಡುತ್ತಾರೆ. ಹಕಬಿ ಅಂಗಡಿಯ ಆ ತುದಿಯವರೆಗೂ ಹಿಂದೆ ಸರಿದು, ಓಡಿಬಂದು, ಅದಕ್ಕೆ ಭುಜ ಕೊಡುತ್ತಿದ್ದ. ಅಲುಗದಿದ್ದರೆ ಒಳ್ಳೆಯ ಫ್ರಿಜ್. ಸೋಫಾ, ಬೀರು, ಹಿತ್ತಲ ಬೇಲಿ, ಮಗಳನ್ನು ಕೇಳಲು ಬಂದ ಹುಡುಗ, ಎಲ್ಲಕ್ಕೂ ಅದೇ ಪರೀಕ್ಷೆ. (ಹುಡುಗ ಅಲುಗಿದ, ಆದರೂ ಮಗಳು ಬಿಡಲಿಲ್ಲ.) ಊರಿನ ನೀರಿನ ಟ್ಯಾಂಕು ಪಶ್ಚಿಮಕ್ಕೆ ವಾಲಿರುವುದು ಗಾಳಿಯಿಂದಲ್ಲ, ಹಕಬಿ ಒಮ್ಮೆ ಅದರ ಗಟ್ಟಿತನ ನೋಡಲು ಹೋಗಿದ್ದ ಎಂದು ಮುದುಕರು ಕಾಫಿ ಅಂಗಡಿಯಲ್ಲಿ ಪ್ರಮಾಣ ಮಾಡಿ ಹೇಳುತ್ತಿದ್ದರು. ಇಂಥ ಪುರಾಣಪ್ರಸಿದ್ಧ ಭುಜ ಕಸದ ಚೀಲ ಎತ್ತಬೇಕಾದಾಗ ಮಾತ್ರ ನೋಯುತ್ತಿತ್ತು ಎಂಬುದು ಅವನ ಹೆಂಡತಿ ಡಾರ್ಲೀನಳ ಸಂಶೋಧನೆ.

ಹಕಬಿ ಊರಿನ ಹೈಸ್ಕೂಲಿನ ಫುಟ್‌ಬಾಲ್ ಕೋಚ್. ತಂಡದ ಹೆಸರು ಕೊಂಬಿನ ಓತಿಗಳು. ಅಲ್ಲಿನ ಫುಟ್‌ಬಾಲಿನಲ್ಲಿ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವವನನ್ನು ಅಪ್ಪಿ ನೆಲಕ್ಕೆ ಕೆಡವಬೇಕು. ಓತಿಗಳು ಅಪ್ಪುವುದರಲ್ಲಿ ನಿಪುಣರು. ಕೆಡವುವುದು ಮಾತ್ರ ಆಗುತ್ತಿರಲಿಲ್ಲ. ಬಹುದಿನಗಳ ಮೇಲೆ ಸಿಕ್ಕ ನೆಂಟನ ಕೊರಳಿಗೆ ಬಿದ್ದ ಹಾಗೆ ಎದುರಾಳಿಯ ಕೊರಳಿಗೆ ಜೋತುಬಿದ್ದು, ಅವನು ಗೆಲುವಿನ ಗೆರೆ ದಾಟುವವರೆಗೂ ಜೊತೆಯಲ್ಲೇ ಹೋಗಿ ಬಿಟ್ಟುಬರುತ್ತಿದ್ದರು. ಆ ವರ್ಷ ಇನ್ನೂ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಬರುವ ಶುಕ್ರವಾರ ಪಕ್ಕದ ಊರಾದ ಸ್ಯಾಂಡ್ ಬೆಂಡ್ ಮೇಲೆ ಆಟ. ಹಳೆಯ ವಿದ್ಯಾರ್ಥಿಗಳೆಲ್ಲ ಊರಿಗೆ ಮರಳುವ ಹಬ್ಬದ ಆಟ.

ಪೋಷಕರ ಸಮಿತಿಯ ಅಧ್ಯಕ್ಷ, ಟ್ರಕ್ ಶೋರೂಮಿನ ಮಾಲೀಕ ರಾಯ್ಸ್ ಟಿಡ್‌ವೆಲ್ ಸವಿಮಾತಿನ ಮನುಷ್ಯ.

"ಹುಡುಗರಿಗೆ ಕೆಡವೋದು ಕಲಿಸೋಕೆ ಹೊಸ ಸಾಮಾನು ತರೋಣ ಕೋಚ್," ಎಂದಿದ್ದ. "ಶುಕ್ರವಾರಾನೂ ಸೋತ್ರೆ ಹೊಸ ಕೋಚ್‌ನೂ ತರೋಣ."

ಕಂಪನಿಯವರು ನೋಡಿ ಆರಿಸಿಕೊಳ್ಳಿ ಎಂದು ಮೂರು ಸಾಮಾನು ಕಳಿಸಿದ್ದರು. ಒಂದು, ನೆಟ್ಟಗೆ ನಿಲ್ಲುವ ದಪ್ಪ ಗೊಂಬೆ. ಇನ್ನೊಂದು, ರಿಮೋಟ್ ಒತ್ತಿದರೆ ಓಡಾಡುವ ಗೊಂಬೆ. ಮೂರನೆಯದು ಸ್ಪಂಜಿನ ದೊಡ್ಡ ಚಕ್ರ, ಬಕಾಸುರನಿಗೆಂದೇ ಕರಿದ ಉದ್ದಿನವಡೆಯ ಹಾಗಿತ್ತು. ಮೂರೂ ಹಕಬಿಯ ಗ್ಯಾರೇಜಿನಲ್ಲಿ ಬಂದು ಕುಳಿತವು. ಶನಿವಾರ ಬೆಳಗ್ಗೆ ಗ್ಯಾರೇಜಿನಿಂದ ಮನೆ ನಡುಗುವಂಥ ಸದ್ದು ಕೇಳಿತು.

"ವೆಂಡೆಲ್, ಈಗೇನು ಬಿತ್ತು?" ಡಾರ್ಲೀನ್ ಅಡುಗೆಮನೆಯಿಂದ ಕೇಳಿದಳು.

"ಏನಿಲ್ಲ ಕಣೇ. ದಪ್ಪ ಗೊಂಬೆ ಚೆನ್ನಾಗಿದೆ."

ಡಾರ್ಲೀನ್ ಬಂದು ನೋಡಿದಳು. "ಗೊಂಬೆ ಚೆನ್ನಾಗಿದ್ರೆ ನನ್ನ ವಾಷಿಂಗ್ ಮೆಷಿನ್ ಯಾಕೆ ಮಲಗಿದೆ?"

"ಅದು ಗೊಂಬೆ ಹಿಂದೆ ಇತ್ತು."

"ಅದು ನಾವು ಈ ಮನೆಗೆ ಬಂದಾಗಿಂದ ಅಲ್ಲೇ ಇದೆ. ಅದನ್ನೂ ನೀನೇ ಭುಜ ಕೊಟ್ಟು ಆರಿಸಿದ್ದು." ಆಮೇಲೆ ಮೂಲೆಯತ್ತ ನೋಡಿ, "ಆ ಚಕ್ರ?" ಎಂದಳು.

"ಅದಾ? ಹೇಡಿ ಸಾಮಾನು. ಹೊಡೆಯೋಕೆ ಹೋದ್ರೆ ನಿಲ್ಲೋದೇ ಇಲ್ಲ, ಉರುಳ್ಕೊಂಡು ಹೋಗತ್ತೆ."

"ಸ್ಯಾಂಡ್ ಬೆಂಡ್ ಹುಡುಗರು ನಿಂತ್ಕೋತಾರಾ?"

ಹಕಬಿ ಉತ್ತರ ಹುಡುಕುವ ಬದಲು ವಾಷಿಂಗ್ ಮೆಷಿನ್ ಎತ್ತಲು ಹೋದ. ಅದು ಹೆಚ್ಚು ಸುಲಭವಾಗಿತ್ತು.

ಭಾನುವಾರ ಚರ್ಚು ಮುಗಿದ ಮೇಲೆ ಸಮಿತಿಗೂ ಇಡೀ ತಂಡಕ್ಕೂ ಹಕಬಿಯ ಮನೆಯಲ್ಲೇ ಊಟ. ಸಾಮಾನು ಆರಿಸುವುದೂ ಅಲ್ಲೇ. ಹಿಂದಿನ ದಿನದಿಂದ ಡಾರ್ಲೀನ್ ಹಿತ್ತಲ ಒಲೆಯ ಹೊಗೆಯಲ್ಲಿ ಬ್ರಿಸ್ಕೆಟ್ ಬೇಯಿಸುತ್ತಿದ್ದಳು. ದನದ ಎದೆಯ ಆ ಮಾಂಸಕ್ಕೆ ತಾಳ್ಮೆ ಬೇಕು. ನಡುವೆ ಮುಚ್ಚಳ ಎತ್ತಿ ನೋಡಿದವನಿಗೆ ಆ ಊರಿನಲ್ಲಿ ಹೆಣ್ಣು ಕೊಡುವುದು ಕಷ್ಟ. ಕೊನೆಗೂ ಬ್ರಿಸ್ಕೆಟ್ ಹೊರಬಂದು, ಇಳಿಜಾರು ಹಿತ್ತಲ ತಳದಲ್ಲಿ, ಪೀಕನ್ ಮರದ ನೆರಳಿನ ಮೇಜಿನ ಮೇಲೆ, ಕತ್ತಿಗಾಗಿ ಕಾಯುತ್ತ ವಿಶ್ರಮಿಸಿತು.

ಇಳಿಜಾರಿನ ಮೇಲೆ ರಾಯ್ಸ್ ತನ್ನ ಮೆಚ್ಚಿನ ಓಡುವ ಗೊಂಬೆಯನ್ನು ತಂದು ನಿಲ್ಲಿಸಿದ. ಇನ್ನೂ ಕೊಳ್ಳದ ಗೊಂಬೆಯ ಎದೆಯ ಮೇಲೆ ಆಗಲೇ 'ಟಿಡ್‌ವೆಲ್ ಟ್ರಕ್ಸ್' ಎಂದು ಬರೆಸಿದ್ದ.

"ಇದಕ್ಕೆ ಬುದ್ಧಿ ಇದೆ ಕೋಚ್."

"ಬುದ್ಧಿ ಆಮೇಲೆ ನೋಡೋಣ. ಮೊದಲು ನನ್ನ ಭುಜ ತಡೆಯತ್ತಾ ನೋಡೋಣ."

ಹಕಬಿ ಟೋಪಿಯನ್ನು ತಿರುಗಿಸಿ ಹಾಕಿಕೊಂಡ, ಪ್ಯಾಂಟು ಮೇಲಕ್ಕೆಳೆದುಕೊಂಡ, ನೋಯುವ ಮಂಡಿಯನ್ನು ಒಮ್ಮೆ ಸವರಿ ಸಮಾಧಾನ ಮಾಡಿದ. ಮರುಗಳಿಗೆಯಲ್ಲಿ ಮದಗಜದಂತೆ ನುಗ್ಗಿದ. ರಾಯ್ಸ್ ಗುಂಡಿ ಒತ್ತಿದ. ಗೊಂಬೆ, ಹಿರಿಯರಿಗೆ ದಾರಿ ಬಿಡುವ ವಿನಯವಂತನ ಹಾಗೆ, ಪಕ್ಕಕ್ಕೆ ಸರಿದು ನಿಂತಿತು. ತಗುಲಲು ಏನೂ ಸಿಗದ ಭುಜ, ಉಳಿದ ಹಕಬಿಯನ್ನೂ ಎಳೆದುಕೊಂಡು ಮುಂದೆ ಹೋಗಿ, ಬೇಲಿಗೆ ಒರಗಿಸಿದ್ದ ಚಕ್ರದ ಮೇಲೆ ಬಿತ್ತು. ಹಕಬಿ ಅಲ್ಲೇ ಉಳಿದ. ಚಕ್ರ ಎದ್ದು ಹೊರಟಿತು.

ಕೆಳಗೆ ಮೇಜು, ಮೇಜಿನ ಮೇಲೆ ಬ್ರಿಸ್ಕೆಟ್.

"ಹಿಡೀರೋ ಅದನ್ನ," ಎಂದು ಹಕಬಿ ಹುಲ್ಲಿನೊಳಗಿಂದ ಕೂಗಿದ.

ಓತಿಗಳು ಹಿಡಿದರು, ತಾವು ಬಲ್ಲ ರೀತಿಯಲ್ಲಿ. ತಂಡದ ಹೆಬ್ಬಂಡೆ ಕೋಲ್ಟನ್ ಚಕ್ರದ ನೆತ್ತಿಯನ್ನು ತಬ್ಬಿದ. ಚಕ್ರ ಅವನನ್ನು ಒಂದು ಸುತ್ತು ಮೇಲೆ ಕೊಂಡೊಯ್ದು ಆಚೆ ಇಳಿಸಿತು. ಹಿಂದೆ ಬಂದವರೂ ಹಾಗೆಯೇ ತಬ್ಬಿ, ಹಾಗೆಯೇ ಇಳಿದರು. ಇತ್ತ ರಾಯ್ಸ್‌ನ ಹೆಬ್ಬೆರಳು ಗಾಬರಿಯಲ್ಲಿ ಗುಂಡಿಯ ಮೇಲೇ ಉಳಿದುಬಿಟ್ಟಿತ್ತು. ಬುದ್ಧಿಯಿದ್ದ ಗೊಂಬೆ ನೇರವಾಗಿ ಹೋಗಿ ಅವನ ಹೊಚ್ಚ ಹೊಸ ಟ್ರಕ್ಕಿನ ಬಾಗಿಲಿಗೆ ಗುದ್ದಿತು.

ಡಾರ್ಲೀನ್ ಕತ್ತಿಯನ್ನು ಮೇಜಿನ ಮೇಲಿಟ್ಟಳು. ಚರ್ಚಿಗೆ ಉಟ್ಟಿದ್ದ ಹೂವಿನ ಲಂಗವನ್ನು ಮಂಡಿಯವರೆಗೆ ಎತ್ತಿದಳು. ಎದುರು ಓಡಿ, ಸೊಂಟ ಬಗ್ಗಿಸಿ, ತಲೆಯನ್ನು ಒಂದು ಬದಿಗಿಟ್ಟು, ಚಕ್ರದ ತಳಭಾಗಕ್ಕೆ ಭುಜ ಕೊಟ್ಟು, ಎರಡೂ ತೋಳಲ್ಲಿ ಬಿಗಿದು, ಅದರ ಜೊತೆಗೇ ಉರುಳಿ ಅದನ್ನು ನೆಲಕ್ಕೆ ಮಲಗಿಸಿದಳು. ಮೇಜಿನ ಮೇಲಿನ ಉಪ್ಪಿನಕಾಯಿಯ ಬಾಟಲಿಯೂ ಅಲುಗಲಿಲ್ಲ.

ಕೋಲ್ಟನ್ ಹುಲ್ಲು ಉಗಿಯುತ್ತ ಎದ್ದು ಕುಳಿತ.

"ಮಿಸ್ ಡಾರ್ಲೀನ್, ಇನ್ನೊಂದ್ಸಲ ಮಾಡಿ ತೋರಿಸ್ತೀರಾ?"

"ಮೊದಲು ಊಟ ಮಾಡ್ರಪ್ಪ. ಆರಿಹೋಗತ್ತೆ."

ಯಾವ ಸಾಮಾನು ಕೊಳ್ಳುವುದೆಂದು ಆಮೇಲೆ ಯಾರೂ ಕೇಳಲಿಲ್ಲ. ಟ್ರಕ್ಕಿನ ಬಾಗಿಲು ಉಜ್ಜುತ್ತಿದ್ದ ರಾಯ್ಸ್ ಕೂಡ.

ಸೋಮವಾರದಿಂದ ಅಭ್ಯಾಸ ಹಕಬಿಯ ಹಿತ್ತಲಿನಲ್ಲೇ ನಡೆಯಿತು. ಮೇಲಿನಿಂದ ಚಕ್ರ ಬಿಡುವುದು ಕೋಚ್; ಕೆಳಗೆ ಕೈಕಟ್ಟಿ ನಿಲ್ಲುವುದು ಡಾರ್ಲೀನ್; ಅವಳ ಬೆನ್ನ ಹಿಂದೆ ಮೇಜಿನ ಮೇಲೆ ಹುಡುಗರ ಊಟ. ಚಕ್ರ ತಪ್ಪಿಸಿಕೊಂಡರೆ ಊಟವೂ ಹೋಯಿತು. ಮೊದಲ ದಿನ ಓತಿಗಳು ಬರಿಹೊಟ್ಟೆಯಲ್ಲಿ ಮನೆಗೆ ಹೋದರು. ಹದಿಹರೆಯದ ಹೊಟ್ಟೆಯಂಥ ಗುರು ಇನ್ನೊಂದಿಲ್ಲ. ಗುರುವಾರದ ಹೊತ್ತಿಗೆ ಚಕ್ರ ಅರ್ಧ ಇಳಿಜಾರು ದಾಟುವುದೂ ಕಷ್ಟವಾಯಿತು.

ಶುಕ್ರವಾರ ಸ್ಯಾಂಡ್ ಬೆಂಡ್ ಹುಡುಗರು ಚೆಂಡು ಹಿಡಿದು ಓಡಿದಾಗಲೆಲ್ಲ, ಯಾರದೋ ಊಟದ ಮೇಜಿನ ಕಡೆಗೆ ಹೊರಟವರ ಹಾಗೆ ಓತಿಗಳ ಕಣ್ಣಿಗೆ ಕಂಡರು. ಅಪ್ಪಿದರು, ಕೆಡವಿದರು, ಎದ್ದವರನ್ನು ಮತ್ತೆ ಕೆಡವಿದರು. ಕಾಟನ್ ಗ್ಯಾಪ್ ಗೆದ್ದಿತು. ಬ್ಯಾಂಡಿನವರು ಖುಷಿಯಲ್ಲಿ ಒಂದೊಂದು ವಾದ್ಯದಲ್ಲಿ ಒಂದೊಂದು ಹಾಡು ಬಾರಿಸಿದರು. ವಾಲಿದ ನೀರಿನ ಟ್ಯಾಂಕು ಸ್ವಲ್ಪ ನೆಟ್ಟಗಾದದ್ದನ್ನು ಕಂಡವರಿದ್ದಾರೆ.

ಗೆದ್ದ ಕೋಚ್‌ನ ತಲೆಯ ಮೇಲೆ ಐಸ್ ನೀರಿನ ಡಬ್ಬ ಸುರಿಯುವುದು ಅಲ್ಲಿನ ಸಂಪ್ರದಾಯ. ಹುಡುಗರು ಡಬ್ಬ ಹೊತ್ತು ಬರುವುದನ್ನು ಓರೆಗಣ್ಣಿನಲ್ಲಿ ಕಂಡ ಹಕಬಿ, ಕಾಣದವನಂತೆ ಕಣ್ಣು ಮುಚ್ಚಿ, ತಲೆ ಬಗ್ಗಿಸಿ ಕಾದ. ಹನಿಯೂ ಬೀಳಲಿಲ್ಲ. ಕಣ್ಣು ಬಿಟ್ಟಾಗ ಡಾರ್ಲೀನ್ ಅಡಿಯಿಂದ ಮುಡಿಯವರೆಗೆ ತೊಯ್ದು ನಡುಗುತ್ತಿದ್ದಳು, ಹುಡುಗರು ಅವಳ ಸುತ್ತ ಕುಣಿಯುತ್ತಿದ್ದರು.

ಊರ ರೇಡಿಯೋದವನು ಮೈಕು ಹಿಡಿದು ಹಕಬಿಯ ಬಳಿ ಓಡಿಬಂದ.

"ಕೋಚ್, ಅಷ್ಟೆಲ್ಲ ಸಾಮಾನಿನಲ್ಲಿ ಆ ಚಕ್ರಾನೇ ಆರಿಸಿದ್ದು ಹೇಗೆ? ನಿಮ್ಮ ಭುಜ ಕೊಟ್ಟು ನೋಡಿದ್ರಾ? ಊರೆಲ್ಲ ಕೇಳ್ತಾ ಇದೆ, ಹೇಳಿ."

ಹಕಬಿ ಎದೆಯುಬ್ಬಿಸಿ ಗಂಟಲು ಸರಿಮಾಡಿಕೊಂಡ. ಭುಜವನ್ನು ಕುರಿತ ಒಂದು ದೊಡ್ಡ ಭಾಷಣ ಬಾಯಿಯವರೆಗೆ ಬಂದಿತ್ತು. ಅಷ್ಟರಲ್ಲಿ, ತೊಯ್ದ ಕೂದಲು ಹಿಂಡಿಕೊಳ್ಳುತ್ತ ತನ್ನನ್ನೇ ನೋಡುತ್ತಿದ್ದ ಹೆಂಡತಿ ಕಣ್ಣಿಗೆ ಬಿದ್ದಳು.

"ಇಲ್ಲಪ್ಪ," ಎಂದ. "ನಾನು ಅದರ ಮೇಲೆ ಬಿದ್ದೆ."